ಹಿಟ್ಟು ಇಳಿಯದ ಗಾಡಿ

೧೧ ಫೆಬ್ರವರಿ ೧೯೮೭, ವಡೋದರಾ

ನನ್ನ ಫಿಯಟ್ ಸತ್ತಿತೆಂದು ಇವತ್ತು ತೀರ್ಮಾನವಾಯಿತು. ಹಯವದನ ಅಹಮದಾಬಾದಿನಿಂದ ಬಂದು, ಗ್ಯಾರೇಜಿನಲ್ಲಿ ಅದಕ್ಕೆ ಮೂರು ಪ್ರದಕ್ಷಿಣೆ ಹಾಕಿ, ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳಿದ: "ಐತಾಳ್ರ, ಇದನ್ನ ರಿಪೇರಿ ಮಾಡ್ಸೋದಂದ್ರ ಹೆಣಕ್ಕ ಶೃಂಗಾರ ಮಾಡಿದಂಗ. ಸುಮ್ನ ಬ್ಯಾರೆ ಗಾಡಿ ನೋಡ್ರಿ." ಹಯವದನ ಧಾರವಾಡದವನು, ವಿಮಾ ಕಚೇರಿಯ ಅಧಿಕಾರಿ, ವರ್ಗವಾಗಿ ಅಲ್ಲಿನ ನವರಂಗಪುರಕ್ಕೆ ಬಂದು ಆರು ವರ್ಷ. ಅವನು ಹೇಳಿದ ಮೇಲೆ ಮುಗಿಯಿತು.

ಇಪ್ಪತ್ತೊಂದು ವರ್ಷದ ಗಾಡಿ. ಹೋಟೆಲು ಶುರುವಾದಾಗ ತೆಗೆದುಕೊಂಡದ್ದು. ಎಂಥ ಗಾಡಿ ಅದು! ದಿನಾ ಬೆಳಿಗ್ಗೆ ಐದೂವರೆಗೆ ಸಯಾಜಿಗಂಜಿನ ನಮ್ಮ ಹೋಟೆಲಿನಿಂದ ಮಕರಪುರದ ಕಾರ್ಖಾನೆಯ ಕ್ಯಾಂಟೀನಿಗೆ ಇಡ್ಲಿ ಹಿಟ್ಟಿನ ಡ್ರಮ್ಮು ಹೊತ್ತು ಓಡಿದೆ. ಕ್ಯಾಂಟೀನಿಗೆ ರಾತ್ರಿ ಬೀಗ ಹಾಕುತ್ತಾರೆ, ಅಲ್ಲಿ ಹಿಟ್ಟು ಉಬ್ಬಲು ಬಿಡುವಂತಿಲ್ಲ. ಇಲ್ಲೇ ಉಬ್ಬಿಸಿ ಒಯ್ಯಬೇಕು. ಉಬ್ಬಿದ ಹಿಟ್ಟು ಕುಲುಕಿದರೆ ಇಳಿದುಹೋಗುತ್ತದೆ. ಏಳು ಗಂಟೆಯ ಶಿಫ್ಟಿನವರಿಗೆ ಇಡ್ಲಿ ಬದಲು ಬಿಲ್ಲೆ ಬಡಿಸಬೇಕಾಗುತ್ತದೆ.

ಜನವರಿ ೨೯ರದ್ದನ್ನು ಇನ್ನೂ ಬರೆದಿಲ್ಲ. ಬರೆದುಬಿಡುತ್ತೇನೆ. ಮಂಜು ಇತ್ತು. ಮುಂದೆ ಕಬ್ಬಿಣದ ಸಲಾಕೆ ಹೇರಿದ ಲಾರಿ. ದಾಟಲು ಹೋದೆ, ಎದುರಿಗೆ ಟ್ರ್ಯಾಕ್ಟರ್ ಬಂತು. ಪಿಕಪ್ ಸಾಲಲಿಲ್ಲ. ಬ್ರೇಕ್ ಒತ್ತಿ ಎಡಕ್ಕೆ ಎಳೆದೆ. ಬೇವಿನ ಮರ. ನನಗೆ ಒಂದು ಗೀರೂ ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಗಣಪತಿಯ ಬಲಗೈ ಮಣಿಕಟ್ಟು ಮುರಿಯಿತು.

ಗಣಪತಿ ಹತ್ತೊಂಬತ್ತು ವರ್ಷದಿಂದ ನನ್ನ ಅಡುಗೆಯವನು. ನಮ್ಮೂರ ಕಡೆಯವನೇ, ಕೋಟದವನು. ಹೋಟೆಲಿನ ಬೋರ್ಡಿನ ಮೇಲೆ ನನ್ನ ಹೆಸರಿದ್ದರೂ ಹೋಟೆಲು ನಿಂತಿರುವುದು ಅವನ ಬಲಗೈ ಮೇಲೆ.

ಪಿಕಪ್ ಇರುವ ಗಾಡಿ ಬೇಕು. ನಾಲ್ಕು ಬಾಗಿಲು, ಒಳ್ಳೆ ಡಿಕ್ಕಿ, ಒತ್ತಿದರೆ ಮುಂದೆ ನೆಗೆಯಬೇಕು. ಅಂಥದ್ದು ತಂದು ಬಾಗಿಲಿಗೆ ನಿಲ್ಲಿಸಿದರೆ ಗಣಪತಿ ಮೊದಲಿನಂತೆ ಬಂದು ಪಕ್ಕದಲ್ಲಿ ಕೂರುತ್ತಾನೆ. ನನಗೆ ಬೇಕಾದ್ದು ಅದೊಂದೇ.

೧೪ ಫೆಬ್ರವರಿ

ಗಣಪತಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಹಿಂದಿನ ಕೋಣೆಯಲ್ಲಿ ಕೂತಿರುತ್ತಾನೆ. ಬೆಳಿಗ್ಗೆ ಕಾಫಿ ಕೊಡಲು ಹೋದೆ. ಅವನೇ ಮಾತು ತೆಗೆದ.

"ಐತಾಳ್ರೆ, ವಿಷುವಿಗೆ ಊರಿಗೆ ಹೋತೆ."

"ಹೋಗು ಮಾರಾಯ, ಒಂದು ವಾರ ಇದ್ದು ಬಾ."

"ವಾಪಸ್ ಬಪ್ಪುದು ಕಾಂಬ," ಅಂದ. ಮುಖ ಎತ್ತಲಿಲ್ಲ.

ಕಾಂಬ ಅಂತೆ, ನೋಡೋಣ ಅಂತೆ! ಹತ್ತೊಂಬತ್ತು ವರ್ಷದಲ್ಲಿ ಅವನು ಕಾಂಬ ಅಂದ ಕೆಲಸ ಒಂದಾದರೂ ನಡೆದದ್ದುಂಟಾ? ವಿಷು ಹಬ್ಬಕ್ಕೆ ಸರಿಯಾಗಿ ಎರಡು ತಿಂಗಳಿದೆ. ಅಷ್ಟರೊಳಗೆ ಗಾಡಿ ಬಾಗಿಲಿಗೆ ಬರಬೇಕು.

ಸದ್ಯಕ್ಕೆ ಹಿಟ್ಟು ಆಟೋರಿಕ್ಷಾದಲ್ಲಿ ಹೋಗುತ್ತಿದೆ. ಇವತ್ತು ಕ್ಯಾಂಟೀನಿನಲ್ಲಿ ಒಬ್ಬ ಫಿಟ್ಟರ್ ಇಡ್ಲಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಶೇಠ್, ಆ ಇಡ್ಲಿ ಛೆ ಕೆ ಪೂರಿ?" ಅಂತ ಕೇಳಿದ, ಇದು ಇಡ್ಲಿಯೋ ಪೂರಿಯೋ ಅಂತ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

೨೨ ಫೆಬ್ರವರಿ

ಹಳೇ ಗಾಡಿಗಳ ದಲ್ಲಾಳಿ ಜಶುಭಾಯಿ ಒಂದು ಅಂಬಾಸಡರ್ ತಂದಿದ್ದ. ನಿವೃತ್ತ ರೈಲ್ವೆ ಅಧಿಕಾರಿಯದು. ಆಹಾ, ಒಳಗೆ ಕೂತರೆ ಒಂದು ಸಂಸಾರ ಹೂಡಬಹುದು! ಬಾಗಿಲು ಮುಚ್ಚಿದರೆ ತಿಜೋರಿ ಮುಚ್ಚಿದ ಸದ್ದು. ಹೊಂಡ ಬಂದರೆ ತಾನೇ ಸಮಾಧಾನ ಮಾಡಿಕೊಂಡು ದಾಟುತ್ತದೆ, ಒಳಗಿನವರಿಗೆ ಸುದ್ದಿಯೇ ಇಲ್ಲ.

ಗಾಡಿ ಪರೀಕ್ಷೆಗೆ ನಾನೊಂದು ಒಳ್ಳೆ ಉಪಾಯ ಕಂಡುಹಿಡಿದಿದ್ದೇನೆ. ಉಬ್ಬಿದ ಹಿಟ್ಟಿನ ಸಣ್ಣ ಡ್ರಮ್ಮನ್ನು ಹಿಂದಿನ ಸೀಟಿನಲ್ಲಿಟ್ಟು, ಅದನ್ನು ತಬ್ಬಿಕೊಂಡು ನಾನು ಪಕ್ಕದಲ್ಲಿ ಕೂರುವುದು. ಜಶುಭಾಯಿ ಓಡಿಸುವುದು. ಹಿಟ್ಟು ಎಷ್ಟು ಬೆರಳು ಇಳಿಯಿತು ಅಂತ ನೋಡಿದರೆ ಗಾಡಿಯ ಜಾತಕವೇ ತಿಳಿಯುತ್ತದೆ. ಅಂಬಾಸಡರಿನಲ್ಲಿ ಮಕರಪುರಕ್ಕೆ ಹೋಗಿ ಬಂದೆವು. ಅರ್ಧ ಬೆರಳೂ ಇಳಿಯಲಿಲ್ಲ.

"ಬೋಲೋ ಶೇಠ್, ತಮೆ ಚಲಾವೋ ಹವೆ," ಅಂದ ಜಶುಭಾಯಿ, ಇನ್ನು ನೀವೇ ಓಡಿಸಿ ಅಂತ. ಬೇಡವೆಂದೆ. ಗಾಡಿಯ ಗುಣ ತಿಳಿಯುವುದು ಹಿಂದಿನ ಸೀಟಿನಲ್ಲೇ. ಹಾಗೆ ನೋಡಿದರೆ ಅದು ಗಂಭೀರ ಸ್ವಭಾವದ ಗಾಡಿ, ಯಾರ ಅವಸರಕ್ಕೂ ಓಡುವುದಲ್ಲ. ನನಗೆ ಬೇಕಾದ್ದು ಅವಸರಕ್ಕೆ ಆಗುವ ಗಾಡಿ. ನಮಸ್ಕಾರ ಮಾಡಿ ಕಳಿಸಿದೆ.

೧ ಮಾರ್ಚ್

ಈ ಸಲ ಪದ್ಮಿನಿ ಕಾರು ಬಂದಿತ್ತು. ನನ್ನ ಹಳೇ ಫಿಯಟ್ಟಿನ ತಂಗಿಯೇ. ಸ್ಟಿಯರಿಂಗಿನ ಪಕ್ಕದ ಆ ಗೇರು, ಮುಂದಿನ ಆ ಉದ್ದ ಸೀಟು, ಎಲ್ಲ ಅದೇ. ಚಿಕ್ಕದು, ಚೊಕ್ಕದು, ರಾವ್‌ಪುರದ ಗಲ್ಲಿಯಲ್ಲೂ ನೀರಿನ ಹಾಗೆ ನುಗ್ಗುತ್ತದೆ. ಮುಂದಿನ ಎಡಗಡೆಯ ಸೀಟನ್ನು ನೋಡುತ್ತ ನಿಂತೆ. ಹಿಂದೆ ಕೂತು ಒಂದು ಸುತ್ತು ಬಂದೆ. ಹಿಟ್ಟು ಒಂದು ಬೆರಳು ಇಳಿಯಿತು.

ಬೇಡ ಅಂದೆ.

೮ ಮಾರ್ಚ್, ಅಹಮದಾಬಾದ್

ಹಯವದನ ಕಾಗದ ಬರೆದು ಕರೆಸಿದ್ದ. ಅವನ ಬೀದಿಯ ಡಾಕ್ಟರೊಬ್ಬರು ಕಾಂಟೆಸ್ಸಾ ಮಾರುತ್ತಿದ್ದಾರೆ. ಡ್ರಮ್ಮು ಹಿಡಿದು ರೈಲಿನಲ್ಲಿ ಬಂದೆ. ಟಿಕೆಟ್ ಕಲೆಕ್ಟರ್ ಮುಚ್ಚಳ ತೆಗೆಸಿ ಮೂಸಿ ನೋಡಿದ.

ಅಬ್ಬಬ್ಬಾ, ಕಾಂಟೆಸ್ಸಾ! ಅಷ್ಟುದ್ದದ ಮೂತಿ. ಬಿಳಿ ಬಣ್ಣ. ನವರಂಗಪುರದ ಕಾಲೇಜು ಹುಡುಗರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ಸೀಟಿಗೆ ಒರಗಿದರೆ ಏಳುವ ಮನಸ್ಸಾಗುವುದಿಲ್ಲ. ಇಂಥದ್ದೊಂದು ನಮ್ಮ ಹೋಟೆಲಿನ ಮುಂದೆ ನಿಂತರೆ ಮಸಾಲೆದೋಸೆ ತಿನ್ನಲು ಬಂದವರು ಕೈಕಟ್ಟಿ ನಿಂತುಕೊಂಡಾರು.

ಹಯವದನ ಕೀಲಿ ಚಾಚಿದ. "ಹಿಡೀರಿ ಸ್ಟೇರಿಂಗ, ಕೂಡ್ರಿ."

"ಭುಜ ನೋಯುತ್ತಿದೆ ಮಾರಾಯ. ನೀನೇ ಓಡಿಸು, ನಾನು ಹಿಟ್ಟು ಹಿಡಿಯುತ್ತೇನೆ."

ಅವನು ಡ್ರಮ್ಮು ನೋಡಿದ, ನನ್ನ ಮುಖ ನೋಡಿದ. "ಅಲ್ರೀ, ರೈಲಿನಾಗ ನೂರು ಕಿಲೋಮೀಟರ್ ಕುಲುಕಿದ ಹಿಟ್ಟು, ಕಾರಿನಾಗ ಏನ್ ಪರೀಕ್ಷಾ ಕೊಡ್ತದ್ರೀ?"

ಇದು ನನಗೆ ಹೊಳೆದೇ ಇರಲಿಲ್ಲ. ಆದರೂ ಹಿಂದೆಯೇ ಕೂತೆ. ಓಡಿಸುವಾಗ ಅವನು ಒಂದು ಬಸ್ಸು ದಾಟಿದ. ಡ್ರಮ್ಮು ಗಟ್ಟಿ ಹಿಡಿದುಕೊಂಡೆ. ಇಳಿದ ಮೇಲೆ ನೋಡಿದರೆ ಬೆರಳಿನಲ್ಲಿ ಡ್ರಮ್ಮಿನ ಅಂಚಿನ ಗುರುತು ಕೂತಿತ್ತು.

೯ ಮಾರ್ಚ್

ಮನೆಗೆ ಬಂದು ಹೆಂಡತಿ ವಿಮಲಾಳ ಜೊತೆ ಜಗಳ. ನಾನು ಕಾಂಟೆಸ್ಸಾದ ವರ್ಣನೆ ಮಾಡುತ್ತಿದ್ದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಅಷ್ಟುದ್ದದ ಗಾಡಿ ಎಲ್ಲಿ ನಿಲ್ಲಿಸ್ತೀರಿ? ಅಡುಗೆಮನೆಯಲ್ಲಾ?"

"ಬೇಡ ಅಂತಲೇ ಬಂದೆ."

"ಬೇಡ ಅಂತೀರಿ ಅಂತ ಗೊತ್ತಿತ್ತು." ಒಗ್ಗರಣೆ ಸೌಟು ಕೆಳಗಿಟ್ಟಳು. "ಮೂರು ಗಾಡಿ ಬಾಯ್ತುಂಬ ಹೊಗಳಿದ್ರಿ. ಒಂದರ ಸ್ಟಿಯರಿಂಗಾದರೂ ಮುಟ್ಟಿದ್ರಾ?"

"ಹಿಟ್ಟು ಹಿಡಿಯುವವರು ಯಾರು?"

"ಹಿಟ್ಟಿನ ಮೇಲೆ ಹಾಕ್ಬೇಡಿ ಮಾರಾಯ್ರೆ. ಕುಣಿಯಲಿಕ್ಕೆ ಬಾರದವಳು ಅಂಗಳ ಓರೆ ಅಂದಳಂತೆ. ನಿಮ್ಮದು ಅದಕ್ಕಿಂತ ಒಂದು ಕೈ ಮೇಲೆ. ಅಂಗಳ ಭಾರೀ ಚಂದ, ಆದರೂ ನಾ ಕುಣಿಯುವುದಿಲ್ಲ ಅಂತ! ನಿಮಗೆ ಹೆದರಿಕೆ ಆಗ್ತದೆ. ಆಗ್ತದೆ ಅಂತ ಹೇಳಿಬಿಡಿ, ಯಾರು ಕೊಲ್ತಾರೆ?"

ಹೆದರಿಕೆಯಂತೆ! ಇಪ್ಪತ್ತೊಂದು ವರ್ಷ ಗಾಡಿ ಓಡಿಸಿದವನಿಗೆ! ಊಟ ಬಿಟ್ಟು ಎದ್ದೆ. ಆಮೇಲೆ ಹಸಿವಾಗಿ ಹೋಟೆಲಿನಲ್ಲಿ ಎರಡು ದೋಸೆ ತಿಂದೆ. ಗಣಪತಿ ಹುಯ್ದ ದೋಸೆಯಲ್ಲ.

೧೩ ಮಾರ್ಚ್

ಗಣಪತಿಯ ಪ್ಲಾಸ್ಟರ್ ಬಿಚ್ಚಿದರು. ಬೆರಳು ಮಡಚುವುದಿಲ್ಲ. ಸೌಟು ಕೊಟ್ಟು ನೋಡಿದೆವು. ಬಿದ್ದುಹೋಯಿತು.

೧೪ ಮಾರ್ಚ್

ಏನೂ ಬರೆಯುವ ಮನಸ್ಸಿಲ್ಲ.

೧೬ ಮಾರ್ಚ್

ಡಾಕ್ಟರು ದಿನಾ ಬೆರಳಿಗೆ ವ್ಯಾಯಾಮ ಹೇಳಿದ್ದಾರೆ. ನೆನೆಸಿದ ಉದ್ದಿನಬೇಳೆ ಹಿಂಡುವುದೇ ಒಳ್ಳೆ ವ್ಯಾಯಾಮ ಅಂತ ವಿಮಲಾ ಬೇಸಿನ್ನು ತುಂಬ ಬೇಳೆ ಕೊಟ್ಟಿದ್ದಾಳೆ. ಅವನು ಜಗುಲಿಯಲ್ಲಿ ಕೂತು ಹಿಂಡುತ್ತಾನೆ. ಎಷ್ಟು ತಾಳ್ಮೆ ಈ ಮನುಷ್ಯನಿಗೆ! ನಾನಾಗಿದ್ದರೆ ಬೇಸಿನ್ನು ಬೀದಿಗೆ ಎಸೆಯುತ್ತಿದ್ದೆ. ಬಾಯಲ್ಲಿ ಒಂದು ಬಿರುಸು ಮಾತಿಲ್ಲ. ಹತ್ತೊಂಬತ್ತು ವರ್ಷ ಪಕ್ಕದಲ್ಲೇ ಇದ್ದವನನ್ನು ನಾನು ಇಷ್ಟು ಹೊತ್ತು ನೋಡುತ್ತ ಕೂತದ್ದು ಇದೇ ಮೊದಲು.

ಅವನ ಎದುರು ಕೂತು ಅಂಬಾಸಡರಿನ ಬಗ್ಗೆ ಹೇಳಿದೆ, ಕಾಂಟೆಸ್ಸಾದ ಬಗ್ಗೆ ಹೇಳಿದೆ. ಕೇಳಿದ. "ಲಾಯ್ಕ್ ಗಾಡಿ," ಅಂದ. ನೀನು ಕೂರುತ್ತೀಯಾ ಅಂತ ಕೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಡಿಕ್ಕಿಯ ಅಳತೆ.

೨೮ ಮಾರ್ಚ್, ಸೂರತ್‌ನಿಂದ ಬಂದ ಮೇಲೆ

ಸಿಕ್ಕಿತು! ಸಿಕ್ಕಿತು! ಪ್ರೀಮಿಯರ್ ೧೧೮ ಎನ್‌ಇ. ಒಂದೇ ವರ್ಷ ಓಡಿದ್ದು, ಕಡುನೀಲಿ ಬಣ್ಣ.

ವರಾಛಾದಲ್ಲಿ ವಜ್ರ ಉಜ್ಜುವ ಕಾರ್ಖಾನೆಯ ಧನಜಿಭಾಯಿಯ ಗಾಡಿ. ಮೇಲೆ ಮೂರು ಮಹಡಿಯಲ್ಲೂ ಉಜ್ಜುವ ಗಾಲಿಗಳ ಗುಂಯ್ ಸದ್ದು, ಕೆಳಗೆ ಬಟ್ಟೆ ಹೊದ್ದು ನಿಂತಿತ್ತು. ಅವರು ಬಟ್ಟೆ ಸರಿಸಿ, ವಜ್ರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಾಗಿಲಿನ ಬಣ್ಣವನ್ನೇ ಪರೀಕ್ಷಿಸಿ, ಒಂದು ಗೀರು ತೋರಿಸಿದರು. "ಇದೊಂದು ದೋಷ ಇದೆ, ಮೊದಲೇ ಹೇಳಿಬಿಡುತ್ತೇನೆ." ಬರಿಗಣ್ಣಿಗೆ ನನಗೇನೂ ಕಾಣಲಿಲ್ಲ. ಇಂಥವರ ಕೈಯಲ್ಲಿದ್ದ ಗಾಡಿ!

ಯಾಕೆ ಮಾರುತ್ತೀರಿ ಅಂದರೆ, ಗಲ್ಲಿಯಲ್ಲಿ ತಿರುಗಿಸಲು ಜಾಗವಿಲ್ಲ, ತನಗೆ ಸ್ಕೂಟರೇ ಫಾವೆ ಛೆ ಅಂದರು. ನನ್ನನ್ನೂ ಕೇಳಿದರು: "ತಮನೆ ಫಾವ್‌ಶೆ?" ಈ ಗುಜರಾತಿಗಳ ಮಾತು ಇದೊಂದು. ಒಳ್ಳೇದೋ ಕೆಟ್ಟದ್ದೋ ಅಂತ ಕೇಳುವುದಿಲ್ಲ, ನಿಮಗೆ ಒಗ್ಗುತ್ತದಾ ಅಂತ ಕೇಳುತ್ತಾರೆ. ಏನು ಹೇಳಲಿ? ಹೂಂ ಅಂದೆ.

ಸೂರತ್ತಿನಲ್ಲಿ ಹೋಟೆಲಿಟ್ಟಿರುವ ನಮ್ಮ ಪದ್ಮನಾಭನ ಹತ್ತಿರ ಒಂದು ಡ್ರಮ್ಮು ಹಿಟ್ಟು ಕಡ ತಂದು ಹಿಂದಿನ ಸೀಟಿನಲ್ಲಿಟ್ಟುಕೊಂಡು ಹೊರಟೆವು. ಜಶುಭಾಯಿ ಓಡಿಸುತ್ತಿದ್ದ. ಬೆಳಿಗ್ಗೆ ಸೂರತ್ತಿನಲ್ಲಿ ಮೂರು ಪ್ಲೇಟು ಕಡಲೆಬೇಳೆಯ ಲೋಚೋ ಹೊಡೆದಿದ್ದ, ಅಂಕಲೇಶ್ವರ ಬರುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡ. ನರ್ಮದೆ ದಾಟಿ ಭರೂಚಿನಲ್ಲಿ ಅವನ ತಂಗಿಯ ಮನೆ. ಅಲ್ಲಿಳಿದವನು, ನಾಳೆ ಬರುತ್ತೇನೆ ಅಂತ ಕೈಮುಗಿದುಬಿಟ್ಟ.

ಏನು ಎಂಜಿನ್ನು ಮಾರಾಯ್ರೆ! ಗೇರು ನೆಲದ ಮೇಲಿದೆ, ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಬೀಳುತ್ತದೆ. ಎರಡನೆಯದರಿಂದ ಮೂರನೆಯದಕ್ಕೆ ಹಾಕುವಾಗ ಗಾಡಿ ಮುಂದಕ್ಕೆ ಬಾಗುವುದೇ ಇಲ್ಲ. ಕಾಲು ಸ್ವಲ್ಪ ಇಟ್ಟರೆ ಸಾಕು, ಹೇಳುವ ಮೊದಲೇ ಅರ್ಥಮಾಡಿಕೊಳ್ಳುತ್ತದೆ. ಪಾಲೇಜ್ ದಾಟಿದ ಮೇಲೆ ರಸ್ತೆ ಖಾಲಿ ಇತ್ತು, ಮುಳ್ಳು ಎಂಬತ್ತೈದು ಮುಟ್ಟಿತು, ಒಳಗೆ ಮಾತಾಡಿದರೆ ಕೇಳುವಷ್ಟು ಶಾಂತ. ಬ್ರೇಕ್ ಅಂತೂ ಕೈಹಿಡಿದು ನಿಲ್ಲಿಸಿದ ಹಾಗೆ. ಕರಜಣದ ಹತ್ತಿರ ಹತ್ತಿ ಲಾರಿಗಳ ಸಾಲು ಸಿಕ್ಕಿತು. ಅವುಗಳ ಹಿಂದೆಯೇ ಬಂದೆ. ಧೂಳು ಕುಡಿದೆ. ಅವಸರವೇನಿತ್ತು?

ಸಂಜೆ ಐದಕ್ಕೆ ಮನೆ. ವಿಮಲಾ ಬಾಗಿಲಲ್ಲಿ ನಿಂತು ಗಾಡಿ ನೋಡಲಿಲ್ಲ, ನನ್ನನ್ನೇ ನೋಡಿದಳು.

"ಜಶುಭಾಯಿ ಎಲ್ಲಿ?"

"ಭರೂಚಿನಲ್ಲಿ ಇಳಿದ."

"ಮತ್ತೆ ಅಲ್ಲಿಂದ ಓಡಿಸಿದ್ದು ಯಾರು?"

"ಇನ್ಯಾರು, ನಾನು. ಮೊದಲು ಆ ಡ್ಯಾಶ್‌ಬೋರ್ಡು ನೋಡು ಬಾ," ಅಂದೆ. ಅವಳಿಗೆ ಗಾಡಿಯ ವಿಷಯ ಏನು ಹೇಳಿದರೂ ತಲೆಗೆ ಹೋಗುವುದಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

೨೯ ಮಾರ್ಚ್

ಥತ್! ಪದ್ಮನಾಭನ ಹಿಟ್ಟನ್ನು ಗಾಡಿಯಲ್ಲೇ ಮರೆತಿದ್ದೆ. ಕಿಟಕಿ ಮುಚ್ಚಿದ ಗಾಡಿ, ಸೆಕೆ. ರಾತ್ರಿಯೆಲ್ಲ ಉಬ್ಬಿ, ಮುಚ್ಚಳ ತಳ್ಳಿಕೊಂಡು, ಸೀಟಿನ ಮೇಲೆ ಹರಿದು, ಕೆಳಗೆ ಕಾಲಿಡುವಲ್ಲಿ ಕೆರೆಯಾಗಿತ್ತು. ಧನಜಿಭಾಯಿ ಭೂತಗನ್ನಡಿ ಹಿಡಿದು ಕಾಪಾಡಿದ ಗಾಡಿ! ಹುಳಿ ವಾಸನೆಗೆ ಬೀದಿನಾಯಿಗಳು ಸುತ್ತ ಸೇರಿದ್ದವು.

ನನ್ನ ಕೂಗಾಟ ಕೇಳಿ ಗಣಪತಿ ಹಿಂದಿನ ಕೋಣೆಯಿಂದ ಬಂದ. ಗಾಡಿಯೊಳಗೆ ಬಗ್ಗಿ ನೋಡಿದ. ಅಪಘಾತವಾದ ಮೇಲೆ ಅವನು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಇವತ್ತು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ನಗು ಬಂತು. ಇಬ್ಬರೂ ಸಟ್ಟುಗದಿಂದ ಹಿಟ್ಟು ಕೆರೆಯಲು ಕೂತೆವು, ಅವನು ಎಡಗೈಯಲ್ಲಿ.

"ಈ ಗಾಡಿಯಲ್ಲಿ ಹಿಟ್ಟು ಇಳಿಯುವುದಿಲ್ಲ ಅಂತಾಯ್ತಲ್ಲ," ಅಂದೆ.

"ಇಳಿದ್ರೂ ಎಂತ ಆತಿಲ್ಲೆ ಐತಾಳ್ರೆ. ಬಿಸಿನೀರಿನ ಮೇಲೆ ಅರ್ಧ ಗಂಟೆ ಇಟ್ರೆ ಮತ್ತೆ ಏಳ್ತ್. ನಾನ್ ದಿನಾ ಹಾಂಗೇ ಮಾಡುದು."

ನನ್ನ ಕೈ ನಿಂತುಹೋಯಿತು. "ಹಾಗಾದರೆ ಹತ್ತೊಂಬತ್ತು ವರ್ಷ ಬೆಳಿಗ್ಗೆ ಬೆಳಿಗ್ಗೆ, ಹಿಟ್ಟು ಇಳೀತ್, ಹಿಟ್ಟು ಇಳೀತ್, ಮೆಲ್ಲ ಬಿಡಿ ಅಂತ ಬೊಬ್ಬೆ ಹೊಡೆಯುತ್ತಿದ್ದೆಯಲ್ಲ?"

ಅವನು ಸಟ್ಟುಗ ಒರೆಸಿಕೊಂಡ. "ನಿಮ್ಗೆ ಬರೀ ಮೆಲ್ಲ ಬಿಡಿ ಅಂದ್ರೆ ಕೇಂತ್ರ್ಯಾ? ಹಿಟ್ಟಿನ ಹೆದ್ರಿಕೆ ಆದ್ರೂ ಇರ್ಲಿ ಅಂತ ಹೇಳಿದ್ದ್."

ಇಷ್ಟನ್ನೇ ಹೇಳಿ ಮತ್ತೆ ಕೆರೆಯಲು ಶುರುಮಾಡಿದ. ನಾನು ಹಿಟ್ಟು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ, ಈ ಪುಣ್ಯಾತ್ಮ ಹಿಟ್ಟಿನ ನೆಪದಲ್ಲಿ ನನ್ನನ್ನು ಕಾಯುತ್ತಿದ್ದ. ಅವತ್ತು ಕೂಡ ಹೇಳಿದ್ದ. ಲಾರಿ ದಾಟುವ ಮೊದಲು, ಹಿಟ್ಟು ಇಳೀತ್ ಐತಾಳ್ರೆ ಅಂದಿದ್ದ. ನಾನು ಕೇಳಲಿಲ್ಲ.

"ಗಣಪತಿ, ಪಿಕಪ್ಪಿನ ತಪ್ಪಲ್ಲ ಅದು. ನಾನು ದಾಟಬಾರದಿತ್ತು. ತಪ್ಪು ನನ್ನದು ಮಾರಾಯ."

"ಹೌದು," ಅಂದ. ಅಲ್ಲ ಅಂತ ಸಮಾಧಾನಕ್ಕೂ ಅನ್ನಲಿಲ್ಲ. ಅದೂ ನನಗೆ ಒಳ್ಳೆಯದೇ ಅನಿಸಿತು. "ನಂಗೆ ಸಿಟ್ಟ್ ಬಂದಿತ್ತ್. ಕೈಗಲ್ಲ. ಎರಡು ತಿಂಗಳಾಯ್ತ್, ನೀವು ಬರೀ ಗಾಡಿ ಮಾತೇ ಆಡಿದ್ದ್, ಕೈ ಹ್ಯಾಂಗಿತ್ತ್ ಅಂತ ಕೇಣ್ಲಿಲ್ಲ."

ಕೇಳಿದೆ. ಅವನು ಬಲಗೈ ಚಾಚಿ, ಹೆಬ್ಬೆರಳನ್ನೂ ತೋರುಬೆರಳನ್ನೂ ಮೆಲ್ಲಗೆ ಸೇರಿಸಿ ತೋರಿಸಿದ. ಮಧ್ಯೆ ಒಂದು ಉದ್ದಿನಬೇಳೆ ನಿಲ್ಲುವಷ್ಟೇ ಸಂದು ಉಳಿದಿದೆ.

೨ ಏಪ್ರಿಲ್

ಎರಡು ಸಲ ತೊಳೆದರೂ ಹಿಂದಿನ ಸೀಟಿನಲ್ಲಿ ಹುಳಿ ವಾಸನೆ ಹೋಗಿಲ್ಲ. ಇರಲಿ. ಹಿಟ್ಟು ನಾನೇ ಒಯ್ಯುತ್ತಿದ್ದೇನೆ. ಗಣಪತಿ ಹೇಳಿಕೊಟ್ಟಂತೆ ಬಿಸಿನೀರಿನ ಮೇಲೆ ಇಟ್ಟು ಹುಯ್ಯಿಸಿದೆ. ಪೂರಿ ಅಂದಿದ್ದ ಫಿಟ್ಟರ್ ಇವತ್ತು ಎಂಟು ಇಡ್ಲಿ ತಿಂದು ಇನ್ನೊಂದು ಸೌಟು ಬೇಳೆಹುಳಿ ಕೇಳಿದ.

ಪಕ್ಕದ ಸೀಟು ಖಾಲಿಯೇ ಇದೆ. ಬಾ ಅಂತ ನಾನು ಕರೆದಿಲ್ಲ. ಕರೆಯುವ ಹಕ್ಕು ನನ್ನದಲ್ಲ. ವಿಷುವಿಗೆ ಅವನ ಟಿಕೆಟ್ ಆಗಿದೆ. ಹೋಗುವ ಟಿಕೆಟ್ ಮಾತ್ರ.

೯ ಏಪ್ರಿಲ್

ಬೆಳಿಗ್ಗೆ ಐದೂವರೆಗೆ ಡ್ರಮ್ಮು ಹತ್ತಿಸಿ, ಗಾಡಿ ಶುರುಮಾಡಿ, ಕನ್ನಡಿ ಒರೆಸುತ್ತಿದ್ದೆ. ಎಡಗಡೆಯ ಬಾಗಿಲು ತೆರೆದುಕೊಂಡಿತು. ಗಣಪತಿ. ಸ್ನಾನ ಮಾಡಿ, ಗಂಧ ಇಟ್ಟು, ಶುಭ್ರ ಪಂಚೆ ಉಟ್ಟಿದ್ದ. ಪಕ್ಕದಲ್ಲಿ ಕೂತ. ಎಡಗೈಯಿಂದ ಬಾಗಿಲು ಎಳೆದುಕೊಂಡ. ಮೊದಲ ಗೇರು ಹಾಕಲು ಎರಡು ಸಲ ತಡವರಿಸಿದೆ.

ಮಕರಪುರ ರಸ್ತೆಗೆ ತಿರುಗಿದರೆ ಮುಂದೆ ಒಂದು ಒಂಟೆಗಾಡಿ, ಮರದ ತೊಲೆ ಹೇರಿದ್ದು. ಅದರ ಹಿಂದೆಯೇ ಹೋದೆ. ಅರ್ಧ ಕಿಲೋಮೀಟರು. ಒಂದು ಕಿಲೋಮೀಟರು. ಎದುರಿನ ರಸ್ತೆ ಕಣ್ಣು ಹರಿಯುವವರೆಗೂ ಖಾಲಿ. ಆ ಬೇವಿನ ಮರ ಬಂತು, ಹೋಯಿತು. ನನ್ನ ಅಂಗೈ ಬೆವರಿ ಸ್ಟಿಯರಿಂಗು ಜಾರುತ್ತಿತ್ತು. ಎಂಥ ಎಂಜಿನ್ನು, ಎಂಥ ಪಿಕಪ್ಪು, ಒಂಟೆಯ ಹಿಂದೆ ಎರಡನೇ ಗೇರಿನಲ್ಲಿ ಗುರ್ ಅನ್ನುತ್ತಿತ್ತು.

ಗಣಪತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಮುಂದೆ ನೋಡಿದ. ಬಲಕ್ಕೂ ನೋಡಿದ. ಆಮೇಲೆ ಸೀಟಿಗೆ ಒರಗಿ ಕೂತ.

"ದಾಟಿ ಐತಾಳ್ರೆ," ಅಂದ. "ರಸ್ತೆ ನಾನ್ ಕಂಡಿದೆ."

ದಾಟಿದೆ. ಗಾಡಿ ಹೂವಿನಂತೆ ಮುಂದೆ ಹೋಯಿತು. ಅವನು ಡ್ಯಾಶ್‌ಬೋರ್ಡು ಹಿಡಿದುಕೊಳ್ಳಲಿಲ್ಲ. ಕೈಗಳು ಮಡಿಲಲ್ಲೇ ಇದ್ದವು.

ಕ್ಯಾಂಟೀನಿನ ಗೇಟು ಬರುವಾಗ ಹೇಳಿದ: "ವಿಷು ಮುಗ್ಸ್ಕಂಡ್ ಬತ್ತೆ. ನಾನ್ ಬಪ್ಪಲ್ಲಿವರೆಗೆ ಮಾತ್ರ ಮೆಲ್ಲ ಬಿಡಿ."